ಮುದ್ದೆ ಉಂಡು ಮೆರೆದ ಹೃದಯಕ್ಕೊಂದು ದೂರು

ಹಲಗೂರು, ಮಳವಳ್ಳಿ, ಮದ್ದೂರು ಈ ಮೂರೂ ಊರುಗಳ ಸಮಸ್ತ ಮಹಾಜನರ ಸಮಕ್ಷಮದಲ್ಲಿ ಘೋಷಿಸುವುದೇನೆಂದರೆ, ಬರುವ ಬುಧವಾರ, ಬೆಳಗಿನಿಂದ ಮಲಗುವವರೆಗೆ, ಮದ್ದೂರಿನ ನಮ್ಮ ಮನೆಯಲ್ಲಿ ಮುದ್ದೆ ಮಾಡುವುದಿಲ್ಲ. ಈ ಮನೆಯಲ್ಲಿ ಹಾಲು ಉಕ್ಕಿಸಿದ ಇಪ್ಪತ್ತೇಳು ವರ್ಷಗಳಲ್ಲಿ ಇಂಥ ದಿನ ಬಂದದ್ದಿಲ್ಲ. ರಾಗಿಹಿಟ್ಟಿನ ಡಬ್ಬವನ್ನೂ ಮುದ್ದೆ ಕೋಲನ್ನೂ ಪಕ್ಕದ ಮನೆಯ ಚಿಕ್ಕಬೋರಯ್ಯನವರ ವಶಕ್ಕೆ ಒಪ್ಪಿಸಲಾಗಿದ್ದು, ಗುರುವಾರ ಮಧ್ಯಾಹ್ನದವರೆಗೆ ನಾವು ಕಾಲಿಗೆ ಬಿದ್ದರೂ ಕೊಡಬಾರದೆಂದು ಅವರಿಂದ ಮಾತು ತೆಗೆದುಕೊಳ್ಳಲಾಗಿದೆ. ಇಷ್ಟಕ್ಕೆಲ್ಲ ಕಾರಣಕರ್ತರಾದವರಿಗೆ ಬರೆದ ಪತ್ರ ಹೀಗಿದೆ.

ಇವರಿಗೆ,
ಮಾನ್ಯ ಹೃದಯದವರು,
ಎಡಗಡೆಯ ಪಕ್ಕೆಲುಬುಗಳ ಹಿಂಬದಿ,
ಕೇರಾಫ್ ಮರಿಸಿದ್ದಯ್ಯ, ನಿವೃತ್ತ ಬಸ್ ಕಂಡಕ್ಟರ್,
ಹಲಗೂರು, ಮಳವಳ್ಳಿ ತಾಲ್ಲೂಕು.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸೋಣವೆಂದರೆ ತಮಗೆ ಪಾದಗಳಿಲ್ಲದ ಕಾರಣ, ತಮ್ಮ ನಾಲ್ಕೂ ಕೋಣೆಗಳ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಮಾಡಿಕೊಳ್ಳುವ ಅರಿಕೆ. ನಾನು ಮಹದೇವು, ನಿವೃತ್ತ ಶಾಲಾ ಮೇಷ್ಟ್ರು. ತಮ್ಮ ಯಜಮಾನರಾದ ಮರಿಸಿದ್ದಯ್ಯನವರು ನನ್ನ ಹೆಂಡತಿ ಶಿವನಂಜಮ್ಮನ ಅಣ್ಣ. ಅರವತ್ತೆಂಟು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ, ಸಂಬಳ ಕೇಳದೆ, ಮುಷ್ಕರ ಹೂಡದೆ ದುಡಿಯುತ್ತಿರುವ ತಮ್ಮ ನಿಷ್ಠೆಯನ್ನು ಕಂಡರೆ, ಹದಿನೈದು ವರ್ಷ ಮೊದಲೇ ನಿವೃತ್ತನಾಗಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಲೇ ಪಾಠ ಮಾಡಿದ ನನ್ನಂಥವನಿಗೆ ನಾಚಿಕೆಯಾಗುತ್ತದೆ. ಕಳೆದ ವರ್ಷ ತಮ್ಮ ಯಜಮಾನರ ಎದೆಯೊಳಗಿನ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿ, ಆರು ಸುತ್ತು ಔಷಧಿ ಏರಿಸಿದಾಗ, ತಲೆಯ ಮೇಲಿದ್ದ ಕೂದಲೆಲ್ಲ ಕೈಬಿಟ್ಟು ಹೋದರೂ ತಾವು ಮಾತ್ರ ಅಲುಗಾಡದೆ ನಿಂತಿರಿ. ಅದನ್ನು ನಾವು ಮರೆತಿಲ್ಲ.

ಆದರೂ ದೂರು ಬರೆಯಬೇಕಾಗಿ ಬಂದಿದೆ. ಹೋದ ತಿಂಗಳು ತೆಗೆಸಿದ ಸಾಮಾನ್ಯ ಸ್ಕ್ಯಾನಿನಲ್ಲಿ, ತಮ್ಮ ಮೈಗೆ ಅಂಟಿಕೊಂಡಂತೆ ಅವರೆಕಾಳಿನಷ್ಟು ದೊಡ್ಡ ನೆರಳೊಂದು ಕಂಡಿತು. ಅದು ಹಳೇ ಗಾಯದ ಕಲೆಯೋ, ರೋಗ ಮರಳಿ ಬಂದದ್ದೋ ಎಂಬುದು ತಿಳಿಯಬೇಕು. ಅದಕ್ಕಾಗಿ ಮೈಸೂರಿನಲ್ಲಿ ಪೆಟ್ ಸ್ಕ್ಯಾನ್ ಎಂಬ ಇನ್ನೊಂದು ಪರೀಕ್ಷೆ. ಸಕ್ಕರೆಯ ವೇಷ ಹಾಕಿದ ಔಷಧಿಯೊಂದನ್ನು ಮೈಗೆ ಬಿಡುತ್ತಾರಂತೆ. ಯಾವ ಜಾಗ ಹೆಚ್ಚು ಸಕ್ಕರೆ ಕಬಳಿಸುತ್ತದೋ ಆ ಜಾಗ ಚಿತ್ರದಲ್ಲಿ ಹೊಳೆಯುತ್ತದಂತೆ. ಕ್ಯಾನ್ಸರಿಗೆ ಸಕ್ಕರೆಯೆಂದರೆ ಪ್ರಾಣ. ತೊಂದರೆಯೇನೆಂದರೆ, ಸಕ್ಕರೆ ನಾಡಿನಲ್ಲಿ ಹುಟ್ಟಿದ ತಮಗೂ ಅದೆಂದರೆ ಪ್ರಾಣ.

ತಾವಾದರೋ ಗ್ಯಾಸು, ಪೆಟ್ರೋಲು ಎರಡರಲ್ಲೂ ಓಡುವ ಆಟೋ ಇದ್ದಂತೆ. ಹಿಂದಿನ ದಿನವೆಲ್ಲ ಧಾನ್ಯ, ಸಿಹಿ ಮುಟ್ಟಿಸದೆ ಬರೀ ತುಪ್ಪ, ಮೊಟ್ಟೆ, ಮಾಂಸ ಕೊಟ್ಟು, ರಾತ್ರಿಯೆಲ್ಲ ಉಪವಾಸ ಕೆಡವಿದರೆ ಸಾಮಾನ್ಯವಾಗಿ ಕೊಬ್ಬಿನಲ್ಲೇ ಓಡಿಕೊಂಡು, ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲ, ಚಿತ್ರದಲ್ಲಿ ಮಂಕಾಗಿರುತ್ತೀರಿ, ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬುದು ವೈದ್ಯರಿಗೆ ಕಾಣುತ್ತದೆ. ಧಾನ್ಯ ಕೊಟ್ಟರೆ ಸಕ್ಕರೆಗೆ ಬಾಯಿ ಹಾಕಿ, ಮದುವೆ ಮನೆಯ ಚಪ್ಪರದಂತೆ ಝಗಝಗಿಸುತ್ತೀರಿ. ಏನೇನು ತಿನ್ನಬಾರದೆಂದು ಸ್ಕ್ಯಾನಿನವರು ಒಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು: ಅನ್ನ, ಚಪಾತಿ, ಬ್ರೆಡ್ಡು, ಬಿಸ್ಕತ್ತು, ಹಾಲು, ಹಣ್ಣು, ಸಕ್ಕರೆ, ಬೆಲ್ಲ ಕೂಡದು.

ಬೆಳಿಗ್ಗೆಯ ರೈಲಿಗೆ ಅನುಕೂಲವಾಗಲೆಂದು ಮರಿಸಿದ್ದಯ್ಯನವರು ಹಿಂದಿನ ದಿನವೇ ನಮ್ಮ ಮನೆಗೆ ಬಂದರು. ತಂಗಿ ನಾಟಿ ಕೋಳಿ ಸಾರು ಮಾಡಿ, ಮೇಲೆ ಬೆರಳುದ್ದ ಎಣ್ಣೆ ತೇಲಿಸಿದಳು. ಅಲ್ಲಿಯವರೆಗೆ ಎಲ್ಲವೂ ಚೀಟಿಯ ಪ್ರಕಾರವೇ. ಆಮೇಲೆ ಆಕೆ ತಟ್ಟೆ ಹಿಡಿದು ನಿಂತು, "ಅಣ್ಣಯ್ಯಾ, ಬರೀ ಸಾರ ಎಂಗ್ ಉಂಡೀಯೇ? ತವರಿಂದ ಬಂದೋರ್ಗೆ ಮುದ್ದೆ ಇಕ್ಕದೆ ಕಳ್ಸುದ್ಲು ಅನ್ನಾಕಿಲ್ವಾ ಜನ?" ಎಂದಳು. ಅಣ್ಣನವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಓದ್ದೋರು ನೀವು. ಚೀಟಿ ನೋಡ್ಬುಟ್ಟು ಯೋಳಿ" ಎಂದರು.

ನೋಡಿದೆ. ಚೀಟಿಯಲ್ಲಿ ಮುದ್ದೆ ಇರಲಿಲ್ಲ. ಆದರೂ ಒಂದು ಗಳಿಗೆ ಅನುಮಾನ ಬಂದದ್ದು ನಿಜ. ಚೀಟಿಯ ಕೆಳಗೆ ಫೋನ್ ನಂಬರೂ ಇತ್ತು. ಆದರೆ ಮಾನ್ಯರೇ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇಟ್ಟುಕೊಂಡಿರುವ ನನಗೆ "ಅನ್ನ ಬಿಡಿ, ಮುದ್ದೆ ಹಿಡಿಯಿರಿ" ಎಂದು ಹೇಳದ ವೈದ್ಯರಿಲ್ಲ, ಹೇಳದ ನೆಂಟರಿಲ್ಲ. ಮುದ್ದೆಯೆಂದರೆ ಸಕ್ಕರೆಯ ಶತ್ರು ಎಂದೇ ನಂಬಿ ಉಂಡವನು ನಾನು. ತೀರ್ಪು ಕೊಟ್ಟೇಬಿಟ್ಟೆ: ಮುದ್ದೆಗೆ ಅಡ್ಡಿಯಿಲ್ಲ. ತಮ್ಮ ಯಜಮಾನರು ಎರಡು ಮುದ್ದೆ ನುಂಗಿದರು; ತಂಗಿಯ ಬಲವಂತಕ್ಕೆ ಇನ್ನರ್ಧ.

ಮರುದಿನ ಬರೀ ಹೊಟ್ಟೆಯಲ್ಲಿ ರೈಲು ಹತ್ತಿದೆವು. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನೊಬ್ಬ ಬುಟ್ಟಿ ಹೊತ್ತು ನಮ್ಮ ಕಿಟಕಿಗೇ ಬಂದು ನಿಂತ. ಮರಿಸಿದ್ದಯ್ಯನವರು ಟವಲ್ಲಿನಿಂದ ಮೂಗು ಮುಚ್ಚಿಕೊಂಡು, "ಆವಯ್ಯನ ಮಕ ನೋಡ್ಬ್ಯಾಡಿ ಮೇಷ್ಟ್ರೇ, ಗಾಡಿ ಅತ್ಕಂಡ್ ಬಂದ್ಬುಟ್ಟಾನು" ಎಂದು ಹನಕೆರೆ ದಾಟುವವರೆಗೆ ಕಬ್ಬಿನ ಗದ್ದೆಗಳನ್ನೇ ನೋಡುತ್ತ ಕುಳಿತರು. ಕಣ್ಣ ಮುಂದಿನ ವಡೆಯನ್ನು ಗೆದ್ದ ಆ ಮಹಾನುಭಾವರಿಗೆ, ಹೊಟ್ಟೆಯೊಳಗಿನ ಮುದ್ದೆ ಹಿಂದಿನಿಂದ ಇರಿಯುತ್ತದೆಂದು ಹೇಗೆ ಗೊತ್ತಾಗಬೇಕು?

ಸ್ಕ್ಯಾನ್ ಕೇಂದ್ರದಲ್ಲಿ ಪ್ರಿಯಾಂಕ ಎಂಬ ನರ್ಸಮ್ಮ ಅಕ್ಕರೆಯಿಂದಲೇ ವಿಚಾರಿಸಿದಳು. ನಿನ್ನೆ ಅನ್ನ ತಿಂದ್ರಾ ತಾತ? ಚಪಾತಿ? ಬ್ರೆಡ್ಡು? ಸಿಹಿ? ಪ್ರತಿಯೊಂದಕ್ಕೂ ತಮ್ಮ ಯಜಮಾನರು, "ಇಲ್ಲ ಕಣವ್ವ" ಎಂದು ಸತ್ಯವನ್ನೇ ನುಡಿದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆಯೂ ಸರಿಯಾಗಿತ್ತು. ಮೂವತ್ತೊಂದು ವರ್ಷ ಹಲಗೂರು-ಮಳವಳ್ಳಿ-ಮದ್ದೂರು ಬಸ್ಸಿನಲ್ಲಿ ಎಲ್ಲರನ್ನೂ "ಒಳೀಕ್ ಓಗಿ, ಒಳೀಕ್ ಓಗಿ" ಎಂದು ತಳ್ಳಿದವರನ್ನು ಆ ಯಂತ್ರ ಮಾತಿಲ್ಲದೆ ಒಳಕ್ಕೆ ಎಳೆದುಕೊಂಡಿತು.

ಚಿತ್ರದಲ್ಲಿ ತಮ್ಮ ದರ್ಶನವಾಯಿತು. ಏನು ತೇಜಸ್ಸು! ಏನು ಪ್ರಭೆ! ಸುತ್ತಲಿನದೆಲ್ಲ ಬೂದಿ ಬಣ್ಣ, ನಡುವೆ ತಾವೊಬ್ಬರೇ ಸಾವಿರ ಕ್ಯಾಂಡಲ್ಲಿನ ದೀಪ. ಡಾಕ್ಟರ್ ರಂಜನಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ನಿಜವಾಗಿ ಏನು ಉಂಡಿರಿ ಎಂದು ಕೇಳಿದರು. "ನೀವ್ ಯೋಳ್ದಂಗೇಯ ಡಾಕ್ಟ್ರವ್ವಾ, ಕೋಳಿ ಸಾರು, ಮುದ್ದೆ."

"ಮುದ್ದೆ ಯಾಕ್ರೀ ತಿಂದ್ರಿ?"

"ಇನ್ನೇನವ್ವಾ? ನಮ್ಮನೇಲಿ ನಾಯ್ಗೂ ಮುದ್ದೆ ಇಲ್ದೆ ಬರೀ ಬಾಡು ಆಕಾಕಿಲ್ಲ!"

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮುದ್ದೆ ಒಳಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆಂದೂ, ತಮ್ಮ ಬೆಳಕಿನ ಅಬ್ಬರದಲ್ಲಿ ಆ ಅವರೆಕಾಳು ಹೊಳೆಯುತ್ತಿದೆಯೋ ಇಲ್ಲವೋ ಹೇಳಲಾಗದೆಂದೂ, ಮುಂದಿನ ಗುರುವಾರ ಮತ್ತೆ ಬರಬೇಕೆಂದೂ ಹೇಳಿದರು. ಚೀಟಿಗೆ ಅವರೇ ಕೈಯಾರೆ "ಮುದ್ದೆ" ಎಂದು ಸೇರಿಸಿ, ಕೆಳಗೆ ಎರಡು ಗೆರೆ ಎಳೆದುಕೊಟ್ಟರು.

ವಾಪಸ್ಸು ಬರುವಾಗ ರೈಲಿನಲ್ಲಿ ಮರಿಸಿದ್ದಯ್ಯನವರು ಆ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹನಕೆರೆ ಬಂದಾಗ ಮೆಲ್ಲಗೆ ಅಂದರು: "ಮೇಷ್ಟ್ರೇ, ಟಿಕೇಟ್ ಇಲ್ದೋನು ಅವ್ನೆ ಅಂತ ಗೊತ್ತಾದ್ರೆ ಇಳಿಸ್ಬೋದು. ಇಲ್ಲ ಅಂತ ಗೊತ್ತಾದ್ರೆ ಸೀಟಿ ಊದ್ಬುಟ್ಟು ಓಯ್ತಾ ಇರ್ಬೋದು. ಎರಡೂ ಗೊತ್ತಿಲ್ದೆ ಗಾಡಿ ನಿಲ್ಸ್ಕಂಡು ನಿಂತಿರಾದೈತಲ್ಲ, ಅದು ಕಷ್ಟ ಕಣ್ರೀ."

ನನ್ನ ತೀರ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಫೋನ್ ಮಾಡಿ ಕೇಳಲು ನನಗಿದ್ದ ಸೋಮಾರಿತನಕ್ಕೆ ಅವರು ಇನ್ನೊಂದು ವಾರ ಗಾಡಿ ನಿಲ್ಲಿಸಿಕೊಂಡು ನಿಂತಿದ್ದಾರೆ. ಹಾಗಾಗಿ ಈ ದೂರಿನಲ್ಲಿ ತಮ್ಮದೆಂದು ತೋರಿಸಿರುವ ತಪ್ಪಿನ ಬಹುಪಾಲು ನನ್ನದೇ ಎಂದು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ದೂರನ್ನು ಹಿಂದಕ್ಕೆ ಪಡೆಯುವುದಿಲ್ಲ. ಮೇಷ್ಟ್ರಾದವನು ತನ್ನ ತಪ್ಪಿಗೆ ಮತ್ತೊಬ್ಬರನ್ನು ಬೆಂಚಿನ ಮೇಲೆ ನಿಲ್ಲಿಸುವುದು ಹಳೆಯ ಪದ್ಧತಿ.

ಈಗ ತಮ್ಮಲ್ಲಿ ಬೇಡಿಕೆ ಇಷ್ಟೇ. ತಾವು ಕೆಲಸ ನಿಲ್ಲಿಸಬೇಕೆಂದು ಯಾರೂ ಕೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬಾರದು. ದೀಪ ಆರಿಸಿಕೊಂಡು ಕೆಲಸ ಮಾಡಿ, ಅಷ್ಟೇ. ಕರೆಂಟು ಹೋದಾಗಲೂ ಹಲಗೂರಿನಲ್ಲಿ ಜನ ಉಣ್ಣುತ್ತಾರೆ, ಮಲಗುತ್ತಾರೆ, ಜಗಳವನ್ನೂ ಆಡುತ್ತಾರೆ. ತಮಗೊಬ್ಬರಿಗೇಕೆ ಇಷ್ಟೊಂದು ಬೆಳಕು? ಬುಧವಾರ ತಮಗಾಗಿ ತುಪ್ಪದಲ್ಲಿ ಹುರಿದ ಮೊಟ್ಟೆ, ಎಣ್ಣೆಯಲ್ಲಿ ಮುಳುಗಿದ ಕೋಳಿ ಕಾದಿರುತ್ತದೆ. ಉಂಡು, ಮುಖ ಸಿಂಡರಿಸದೆ ಅದರಲ್ಲೇ ಓಡಬೇಕು. ಮತ್ತು ಗುರುವಾರ ಆ ಯಂತ್ರದೊಳಗೆ, ಬಸ್ಸಿನ ನಡುದಾರಿಯಲ್ಲಿ ನಿಂತ ದಪ್ಪ ಪ್ರಯಾಣಿಕರು ಮಾಡುವ ಹಾಗೆ, ಒಂಚೂರು ಪಕ್ಕಕ್ಕೆ ಸರಿದು ನಿಲ್ಲಬೇಕು. ತಮ್ಮ ಹಿಂದಿನ ಸೀಟಿನಲ್ಲಿ ಟಿಕೆಟ್ ಇಲ್ಲದವನು ಅಡಗಿದ್ದಾನೋ, ಯಾರೋ ಮರೆತುಹೋದ ಖಾಲಿ ಚೀಲವೋ, ನಮ್ಮ ಕಂಡಕ್ಟರು ಬಗ್ಗಿ ನೋಡಬೇಕಾಗಿದೆ.

ಇಷ್ಟು ವರ್ಷ ತಮ್ಮ ಬಡಿತದ ಮೇಲೆಯೇ ನೆಚ್ಚಿಕೊಂಡು, ತಮ್ಮ ಮುಖವನ್ನು ಮೊನ್ನೆಯಷ್ಟೇ ಕಂಡ,

ತಮ್ಮ ವಿಶ್ವಾಸಿ,
ಮಹದೇವು
ಮದ್ದೂರು

ತಾ.ಕ.: ಇಷ್ಟು ಹೇಳಿಯೂ ಗುರುವಾರ ತಾವು ಮತ್ತೆ ಹೊಳೆದರೆ, ತಮ್ಮನ್ನು ಬಲಗಡೆಗೆ ವರ್ಗಾವಣೆ ಮಾಡಿಸಲು ಶಾಸಕರ ಶಿಫಾರಸು ಪತ್ರ ತರುತ್ತೇನೆ. ಆ ಕೆಲಸ ಆಗುವುದಿಲ್ಲವೆಂದು ಗೊತ್ತು. ಆದರೆ ವರ್ಗಾವಣೆಯ ಭಯದಿಂದಲೇ ಸರಿಹೋದವರನ್ನು ಬಹಳ ಮಂದಿ ನೋಡಿದ್ದೇನೆ.

ಇನ್ನು ಓದುಗರಲ್ಲಿ ಒಂದು ಮಾತು. ಬುಧವಾರ ಬೆಳಿಗ್ಗೆ ಮರಿಸಿದ್ದಯ್ಯನವರು ಹಲಗೂರಿನಲ್ಲಿ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಇಳಿದು, ಮದ್ದೂರಿನ ಬಸ್ಸಿಗೆ ಕಾಯುತ್ತಾರೆ. ಆ ದಾರಿಯಲ್ಲಿ ಅವರಿಂದ ಟಿಕೆಟ್ ಹರಿಸಿಕೊಳ್ಳದವರಿಲ್ಲ. ಕಂಡವರೆಲ್ಲ ಕೈಹಿಡಿದು ಟೀ, ಬನ್ನು, ಕಬ್ಬಿನ ಹಾಲು ಎಂದು ಎಳೆಯುತ್ತೀರಿ, ಅವರೋ ಇಲ್ಲವೆನ್ನಲಾರರು. ದಯವಿಟ್ಟು ಅಂದು ಏನೂ ಕೊಡಿಸಬೇಡಿ. ಬರೀ ಮಾತಾಡಿಸಿ. ಏನಾದರೂ ಕೊಡಲೇಬೇಕು ಎನ್ನಿಸಿದರೆ ಒಂದು ಬೇಯಿಸಿದ ಮೊಟ್ಟೆ ಕೊಡಿ. ಸಿಪ್ಪೆ ಸುಲಿದು ಕೊಡಿ. ಔಷಧಿ ಏರಿಸಿದ ಮೇಲೆ ಅವರ ಬೆರಳ ತುದಿಗಳು ಇನ್ನೂ ಜೋಮು ಹಿಡಿದೇ ಇವೆ.