ಮಂಡಕ್ಕಿ ತಿನ್ನುವ ಮೀನು

ಸಸ್ಯಾಹಾರಿಗಳ ನಡುವೆ ಮೀನು ತಿನ್ನುವವನು ಒಬ್ಬನೇ ಇದ್ದರೆ, ಬೆಕ್ಕು ಹಾಲು ಕುಡಿದರೂ ಅವನನ್ನೇ ಕರೆದು ಕೇಳುತ್ತಾರೆ. ಅರವತ್ತರ ದಶಕದಲ್ಲಿ ಯಲ್ಲಾಪುರದಲ್ಲಿ ಮರದ ನಾಟಾ ಮಾರುವ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ನನಗೆ ಇದು ಮತ್ತೆ ಮತ್ತೆ ಆಯಿತು. ನಾನು ಕರಾವಳಿಯ ಅಂಕೋಲೆ ಕಡೆಯವನು. ಅಂಗಡಿಯ ಸಾಹುಕಾರ್ರು ಬನವಾಸಿ ಕಡೆಯವರು, ತತ್ತಿಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವವರು.

ಬಣ್ಣದ ಮೀನು

ಮುಂಬೈಯ ವ್ಯಾಪಾರಿಯೊಬ್ಬ ಸಾಹುಕಾರ್ರಿಗೆ ದೊಡ್ಡ ಗಾಜಿನ ತೊಟ್ಟಿಯನ್ನೂ ಬಣ್ಣದ ಸಣ್ಣ ಮೀನುಗಳನ್ನೂ ಉಡುಗೊರೆ ಕೊಟ್ಟ. ಅದನ್ನು ಕಂಡ ಕಿರವತ್ತಿಯ ಗುತ್ತಿಗೆದಾರ, ತಾನೇನು ಕಡಿಮೆ ಎಂದು ಕೆರೆಯಿಂದ ಎರಡು ದೊಡ್ಡ ಮೀನು ಹಿಡಿಸಿ ತಂದ. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು.

"ಇವು ಬೇಟೆ ಆಡೋ ಮೀನು, ಬೇರೆ ಇಡುವ" ಎಂದೆ.

"ಒಂದ ಮನ್ಯಾಗ ಇದ್ರ ತಾವ ಹೊಂದ್ಕೊಂತಾವ ಬಿಡ್ರಿ" ಎಂದು ಸಾಹುಕಾರ್ರು ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಡಿಸಿದರು. ದಿನಾ ತಮ್ಮ ಕೈಯಾರೆ ಮಂಡಕ್ಕಿ ಹಾಕತೊಡಗಿದರು.

ಸ್ವಲ್ಪ ದಿನದಲ್ಲೇ ಬಣ್ಣದ ಮೀನು ಒಂದೂ ಉಳಿಯಲಿಲ್ಲ. ನನ್ನನ್ನು ಒಳಗೆ ಕರೆದರು.

"ದೊಡ್ಡವು ತಿಂದಿರಬೇಕು" ಎಂದೆ.

"ಅವು ಮಂಡಕ್ಕಿ ತಿನ್ನೂ ಮೀನರೀ. ಮೀನು ತಿನ್ನಾವ್ರು ನೀವು."

ದನದ ಡಾಕ್ಟರು

ಆಮೇಲೆ ದೊಡ್ಡವೆರಡೇ ಉಳಿದವು. ಒಂದು ದಿನ ಅವೆರಡರಲ್ಲಿ ಸಣ್ಣದರ ರೆಕ್ಕೆ ಹರಿದಿತ್ತು. ನಾನು ಹಿಡಿಯಲು ಹೋಗಿ ಕೈ ಜಾರಿರಬೇಕೆಂದು ಸಾಹುಕಾರ್ರ ಅನುಮಾನ. ಈ ಸಲ ನೌಕರಿ ಹೋಯಿತೆಂದೇ ನಾನು ಹೆದರಿದ್ದೆ. ದನದ ಡಾಕ್ಟರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಇದು ಕೈಯಿಂದ ಆದದ್ದಲ್ಲ. ಹಲ್ಲಿನ ಗಾಯ" ಎಂದರು.

ಸದ್ಯ ಬದುಕಿದೆ ಎಂದುಕೊಂಡು ತಲೆ ಎತ್ತಿದರೆ, ಸಾಹುಕಾರ್ರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಕಾವಲು

ನನ್ನ ಮೇಜು ಜಗಲಿಗೆ ಹೋಯಿತು. ಅಂಗಡಿಯಲ್ಲಿ ಚಹಾ ಮಾಡುತ್ತಿದ್ದ ಹೆಗ್ಗರಣೆಯ ಭಟ್ಟರನ್ನು ತೊಟ್ಟಿಯ ಪಕ್ಕ ಕಾವಲಿಗೆ ಕೂರಿಸಿದರು. ಭಟ್ಟರು ತೊಟ್ಟಿಗೆ ಬೆನ್ನು ಹಾಕಿ, ಬಾಗಿಲಿನಿಂದ ನನ್ನನ್ನೇ ನೋಡುತ್ತ ಕೂತರು.

"ಭಟ್ರೆ, ಮೀನು ಆ ಕಡೆ ಇದೆ" ಎಂದೆ.

"ಮೀನು ಎಲ್ಲಿಗೂ ಓಡ್ತಿಲ್ಲೆ ಮಾರಾಯಾ. ಯನಗೆ ಹೇಳಿದ್ದು ನಿನ್ನ ಕಾಯಲೆ."

ಎಲ್ಲರ ಕಣ್ಣೆದುರು

ಒಂದು ಮಧ್ಯಾಹ್ನ ಸಾಹುಕಾರ್ರು ಗಿರಾಕಿಗಳೊಡನೆ ಮಾತಾಡುತ್ತಿದ್ದಾಗ ತೊಟ್ಟಿಯ ನೀರು ದಡಬಡ ಎಂದಿತು. ಎಲ್ಲರೂ ಓಡಿದೆವು. ದೊಡ್ಡ ಮೀನು ಸಣ್ಣದನ್ನು ತಲೆಯಿಂದ ಅರ್ಧ ನುಂಗಿತ್ತು. ಹೊರಗುಳಿದ ಬಾಲ ಇನ್ನೂ ಅಲ್ಲಾಡುತ್ತಿತ್ತು. ಮೇಲೆ ಮಂಡಕ್ಕಿ ಹಾಗೇ ತೇಲುತ್ತಿತ್ತು.

"ಇಂವ ಜಗಲಿ ಬಿಟ್ಟು ಎದ್ದಿದ್ನೇ ಇಲ್ಲೆ" ಎಂದು ಭಟ್ಟರು ತಾವಾಗಿಯೇ ಸಾಕ್ಷಿ ಹೇಳಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಾಹುಕಾರ್ರು ಆ ಬಾಲ ಪೂರ್ತಿ ಒಳಗೆ ಹೋಗುವವರೆಗೆ ನಿಂತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದಂತೆ ಮೆಲ್ಲಗೆ ಅಂದರು:

"ಖರೇ ಹೇಳ್ರಿ. ಇದಕ್ಕ ಈ ಚಟಾ ಕಲಿಸಿದಾವ್ರು ನೀವ ಹೌದಲ್ರೀ?"