ಬಿಗಿ ಮಾಸ್ತರರ ಹೊಸ ಗಾಲಿ

ಚಳಿ ಗಂಟುಮೂಟೆ ಕಟ್ಟಿ ಹೊರಟು, ಬಿಸಿಲು ಇನ್ನೂ ಮನೆ ಹುಡುಕುತ್ತಿದ್ದ ಕಾಲ. ಭಾನುವಾರ, ಹಾಲಿನವನು ಬೀದಿಯ ತುದಿಯಲ್ಲಿ ಸೈಕಲ್ ನಿಲ್ಲಿಸುವ ಹೊತ್ತು. ಬಿಗಿ ಮಾಸ್ತರರು ಶೆಡ್ಡಿನ ಬಾಗಿಲು ತೆಗೆದು, ತಮ್ಮ ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ ಕಾರಿನಲ್ಲಿ ಹೊಸ ಗಾಲಿಗಳನ್ನು ಕೂರಿಸುತ್ತಿದ್ದರು. ಎರಡು ಆಗಲೇ ಡಿಕ್ಕಿಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದವು. ಉಳಿದೆರಡನ್ನು ಪಕ್ಕದ ಸೀಟಿನಲ್ಲಿಟ್ಟು, ಬೀಗರನ್ನು ಕೂರಿಸಿದಷ್ಟು ಮರ್ಯಾದೆಯಿಂದ ಬೆಲ್ಟು ಕಟ್ಟಿದರು.

ಬಿಗಿ ಮಾಸ್ತರ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರದ್ದು ದರ್ಜಿ ಕೆಲಸ. ಅವರು ಹೊಲಿದ ಪ್ಯಾಂಟು ನಿಂತವರ ಮೇಲೆ ಚಿತ್ರ ಬರೆದ ಹಾಗೆ ಕಾಣುತ್ತಿತ್ತು. ಕೂತರೆ ಮಾತ್ರ ಪರ್ರನೆ ಬಾಯಿ ಬಿಡುತ್ತಿತ್ತು. ಗಿರಾಕಿ ದೂರು ತಂದರೆ, “ಹಾಕ್ಕೊಂಡ್ಮೇಲೆ ಯಾಕೆ ಕೂತ್ಕೊಂಡ್ರಿ?” ಎಂದು ಅವರನ್ನೇ ಕೇಳುವರು.

ಅವರಿಗಿದ್ದ ಒಂದೇ ಚಟ ಆಟೋಕ್ರಾಸು. ಊರಾಚೆಯ ಸಿಮೆಂಟು ಬಯಲಿನಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಹಾವು ಹರಿದಂಥ ಹಾದಿ ಮಾಡುತ್ತಾರೆ. ಒಬ್ಬೊಬ್ಬರೇ ಕಾರು ತಂದು, ಕೋನು ಬೀಳಿಸದೆ ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದ ಹಾಗೆ. ಸೇರುವವರೆಲ್ಲ ವಾರವಿಡೀ ಬೇರೆ ಕೆಲಸ ಮಾಡಿ ಭಾನುವಾರ ಮಕ್ಕಳಾಗುವವರು. ಮಾಸ್ತರರು ಪ್ರತಿವರ್ಷ ತಪ್ಪದೆ ಹೋಗಿ, ತಪ್ಪದೆ ಕೊನೆಗೆ ಬರುತ್ತಿದ್ದರು.

ಹೆಂಡತಿಗೆ ಅದು ಸಾಕಾಗಿತ್ತು. ಅಂಗಡಿ ಅಂಗಡಿಗೆ ಮೊಟ್ಟೆ ಹಾಕುವ ವ್ಯಾನು ಓಡಿಸುವವಳು ಅವಳು. ಮೊಟ್ಟೆಯ ಟ್ರೇಗಳು ನಡುಮನೆ ತುಂಬಿ, ಮಂಚದ ಕೆಳಗೆ ನುಗ್ಗಿ, ಈಗ ಮಂಚದ ಮೇಲಕ್ಕೂ ಕಣ್ಣು ಹಾಕಿದ್ದವು. ಕಾರು ಮಾತ್ರ ಶೆಡ್ಡಿನಲ್ಲಿ ಕಾಲು ಚಾಚಿ ಮಲಗಿತ್ತು.

“ರೀ, ಈ ಸಲಾನೂ ಈ ಕಾರು ಕೊನೆಗೆ ಬಂದ್ರೆ ಶೆಡ್ಡು ನನ್ನ ಮೊಟ್ಟೆಗೆ. ಕಾರು ಮಾರ್ಬಿಡಿ” ಎಂದಿದ್ದಳು.

“ಬರ್ದೆ ಇದ್ರೆ?”

“ಶೆಡ್ಡು ಕಾರಿಂದೇ. ಮತ್ತೆ ನಾನು ಬಾಯಿ ಬಿಡಲ್ಲ.”

ಅದಕ್ಕೇ ಹೊಸ ಗಾಲಿ. ಅವನ್ನು ಆರಿಸುವಾಗ ಬೀದಿಯೇ ತಲೆ ಹಾಕಿತ್ತು. ಸಲೂನಿನವನು ಹತ್ತಾರು ತಲೆ ಬೋಳಿಸಿದ ಅನುಭವದಿಂದ, “ಅಗಲ ಇರ್ಲಿ ಮಾಸ್ಟ್ರೇ, ನೆಲಾನ ಹಲ್ಲಿ ಥರ ಕಚ್ಕೋಬೇಕು” ಎಂದ. ಬಸ್ಸು ಓಡಿಸಿ ನಿವೃತ್ತರಾದ ಎದುರುಮನೆ ತಾತ, “ಅಗಲ ಆದ್ರೆ ಭಾರ ಕಣಯ್ಯ, ಸಣ್ಣದು ಹಾಕು” ಎಂದರು. ಇಬ್ಬರೂ ಮಾತು ಬಿಟ್ಟರು. ಮಾಸ್ತರರು ಇಬ್ಬರ ಮನಸ್ಸೂ ಉಳಿಯಲೆಂದು ಹಗುರ ಲೋಹದ ಗಾಲಿಗೆ, ಬೆಲ್ಲದ ಪಾಕದಂತೆ ಅಂಟುವ ಮೆತ್ತನೆಯ ಅಗಲ ಟೈರು ಹಾಕಿಸಿದರು.

ಟೈರಿನ ಅಂಗಡಿಯವನು ಆಗಲೇ ಕೇಳಿದ್ದ: “ಮುಂದಿನ ಗಾಲಿ ತಿರುಗಿಸಿದಾಗ ಒಳಗೆ ಜಾಗ ಇದ್ಯಾ, ನೋಡಿದ್ರಾ ಸಾರ್?”

ಮಾಸ್ತರರು ಕೊರಳಿನ ಟೇಪು ಎಳೆದು, ನಿಂತ ಕಾರಿನ ನೆಟ್ಟಗಿನ ಗಾಲಿಯ ಅಳತೆ ತೆಗೆದು ನಕ್ಕಿದ್ದರು. “ಅಳತೆ ವಿಷ್ಯ ನನಗೆ ಹೇಳ್ಬೇಡಪ್ಪ. ಕೂದಲೆಳೆ ಜಾಗ ಬಿಟ್ಟಿದೀನಿ.”

ಅಂಟುವ ಟೈರು ಬೀದಿಯಲ್ಲಿ ಸವೆಯಬಾರದೆಂದು ಹಳೆ ಗಾಲಿಯಲ್ಲೇ ಬಯಲಿಗೆ ಹೋಗಬೇಕು. “ಈ ಎರಡು ಗಾಲಿ ನಿನ್ನ ವ್ಯಾನಲ್ಲಿ ಮೊದ್ಲೇ ಬಯಲಿಗೆ ಇಳಿಸಿ ಬಾರೆ, ಆಮೇಲೆ ನೀನು ನನ್ನ ಪಕ್ಕ ಕೂರಬಹುದು” ಎಂದು ಮಾಸ್ತರರು ಕೇಳಿದರು.

“ನನ್ನ ಮೊಟ್ಟೆ ಪಕ್ಕ ನಿಮ್ಮ ಗಾಲಿನಾ? ಆಗಲ್ಲ. ಗಾಲಿನೇ ಪಕ್ಕ ಕೂರಿಸ್ಕೊಂಡ್ ಹೋಗಿ. ನಾನು ಅಂಗಡಿಗೆಲ್ಲ ಹಾಕಿ ಆಮೇಲೆ ಬರ್ತೀನಿ.”

ಬಯಲಿನಲ್ಲಿ ಹೊಸ ಗಾಲಿ ಹಾಕಿದಾಗ ಕಾರು ನಿಜಕ್ಕೂ ಹೊಸ ಬೂಟು ತೊಟ್ಟ ಮದುಮಗನ ಹಾಗಿತ್ತು. ತಮಾಷೆ ನೋಡಲು ಬಂದ ಸಲೂನಿನವನು ಸುತ್ತ ತಿರುಗಿ ನೋಡಿ, “ನಿಂತ್ರೇನೇ ಗೆದ್ದಂಗಿದೆ ಮಾಸ್ಟ್ರೇ” ಎಂದ. ಸ್ಪರ್ಧೆ ನಡೆಸುವ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಒಬ್ಬೊಬ್ಬರಿಗೂ ಮೂರು ಸುತ್ತು.

ಮೊದಲ ತಿರುವಿನವರೆಗೆ ಮಾಸ್ತರರು ಬಾಣ. ಅಲ್ಲಿ ಸ್ಟೇರಿಂಗು ಎಡಕ್ಕೆ ಸೆಳೆದರು. ಒಳಗಿನಿಂದ ಕರ್ರ್ ಎಂಬ ಸದ್ದು ಬಂತು. ಗಾಲಿ ಮಡ್ಗಾರ್ಡಿಗೆ ಸಿಕ್ಕಿ ಮುಂದೆ ತಿರುಗಲಿಲ್ಲ. ಕಾರು ಎಡ ಮರೆತು ನೆಟ್ಟಗೆ ನುಗ್ಗಿ, ಸಾಲು ಕೋನುಗಳನ್ನು ಮೂತಿಯ ಮುಂದೆ ತಳ್ಳಿಕೊಂಡು, ಕುರಿ ಕಾಯುವವನಂತೆ ಗೆರೆ ದಾಟಿತು.

ತಮಾಷೆ ನೋಡಲು ತಾವೂ ಬಂದಿದ್ದ ಎದುರುಮನೆ ತಾತ ಬಗ್ಗಿ ನೋಡಿದರು. “ಕಾರಿಗೂ ಬಿಗಿ ಪ್ಯಾಂಟು ಹೊಲಿದುಬಿಟ್ಯಲ್ಲಯ್ಯ. ನಿಂತಾಗ ಸರಿ. ತಿರುಗಿದ್ರೆ ಹಿಡೀತದೆ.”

ಮಾಸ್ತರರು ಪೆಟ್ಟಿಗೆಯಿಂದ ತಮ್ಮ ದೊಡ್ಡ ಕತ್ತರಿ ತೆಗೆದು, ಮಡ್ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕನ್ನು ಪಾಪ್ಲಿನ್ ಬಟ್ಟೆಯೆಂಬಂತೆ ಕತ್ತರಿಸತೊಡಗಿದರು. ಒಂದು ಕಡೆ ಮುಗಿಯಿತು. ಇನ್ನೊಂದು ಕಡೆ ಶುರುಮಾಡುವಾಗ ಕತ್ತರಿಯೇ ಮುರಿಯಿತು. ಈಗ ಬಲಕ್ಕೆ ತಿರುಗಿದರೆ ಬೆಣ್ಣೆ, ಎಡಕ್ಕೆ ತಿರುಗಿದರೆ ಕರ್ರ್.

“ಗಾಳಿ ಕಮ್ಮಿ ಮಾಡಿದ್ರೆ ಸರಿಹೋಗ್ತದೆ” ಎಂದು ಸಲೂನಿನವನು ಒಂದು ಬದಿಯಲ್ಲಿ ಕೂತು ಗಾಳಿ ಬಿಟ್ಟ. “ಜಾಸ್ತಿ ಮಾಡ್ಬೇಕು” ಎಂದು ತಾತ ಇನ್ನೊಂದು ಬದಿಯಲ್ಲಿ ಪಂಪು ಒತ್ತಿದರು. ಮಾತು ಬಿಟ್ಟಿದ್ದವರಾದ್ದರಿಂದ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ. ಎರಡನೆಯ ಸುತ್ತಿನಲ್ಲಿ ಕಾರು ಹೆಗಲು ವಾರೆ ಮಾಡಿಕೊಂಡು ಓಡಿ, ಬಯಲಿನ ನಡುವೆ ಬುಗುರಿಯಾಗಿ, ಜನರ ಕಡೆ ಮುಖಮಾಡಿ ನಿಂತಿತು. ಮಾಸ್ತರರು ಬೇರೆ ದಾರಿ ತೋಚದೆ ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು.

ಮೂರನೆಯದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. ಎಡ ತಿರುವು ಬಂದಲ್ಲೆಲ್ಲ ಬಲಕ್ಕೇ ಪೂರ್ತಿ ಒಂದು ಸುತ್ತು ಹಾಕಿ ಎಡದ ಹಾದಿ ಹಿಡಿಯುವುದು. ಒಂದು ಕೋನೂ ಬೀಳಲಿಲ್ಲ. ಆದರೆ ಅವರು ಮುಗಿಸುವ ಹೊತ್ತಿಗೆ ಡ್ರಿಲ್ ಮೇಷ್ಟ್ರು ನೆರಳಿಗೆ ಹೋಗಿ ಕೂತಿದ್ದರು.

“ಗಾಣ ಸುತ್ತೋಕೆ ಬಂದ್ರಾ ಮಾಸ್ಟ್ರೇ?” ಎನ್ನುತ್ತ ಹಲಗೆಯ ತೀರ ಕೆಳಗೆ ಅವರ ಹೆಸರು ಬರೆದರು.

ಅಷ್ಟರಲ್ಲಿ ಮೊಟ್ಟೆ ವ್ಯಾನು ಬಂದು ನಿಂತಿತು. ಹೆಂಡತಿ ಹಲಗೆಯನ್ನು ಕೆಳಗಿನಿಂದಲೇ ಓದಿದಳು. ಮೇಲಕ್ಕೆ ಹೋಗುವ ಕೆಲಸವೇ ಬೀಳಲಿಲ್ಲ. “ಸರಿ, ನಾಳೆ ಶೆಡ್ಡು ಗುಡಿಸ್ತೀನಿ” ಎಂದಳು. ಮಾಸ್ತರರು ಕಾರಿನ ಬಾನೆಟ್ಟು ಸವರಿದರು. ಆ ಕೈ ನೋಡಿ ತಾತ ಮುಖ ಆಚೆ ತಿರುಗಿಸಿಕೊಂಡರು.

ಆಗಲೇ ಡ್ರಿಲ್ ಮೇಷ್ಟ್ರು ಓಡಿ ಬಂದರು. “ಅಮ್ಮಾ, ಹೆಂಗಸರ ವಿಭಾಗಕ್ಕೆ ಇಬ್ಬರೇ ಇದಾರೆ. ಮೂರು ಜನ ಇಲ್ದಿದ್ರೆ ನಡೆಸೋ ಹಾಗಿಲ್ಲ. ನೀವು ವ್ಯಾನು ಓಡಿಸ್ತೀರಲ್ಲ, ಒಂದು ಸುತ್ತು ಹಾಕಿ ಸಾಕು.”

“ವ್ಯಾನಲ್ಲಾ?”

“ಮಾಸ್ಟ್ರ ಕಾರಲ್ಲಿ. ಒಂದೇ ಕಾರನ್ನ ಇಬ್ಬರು ಓಡಿಸಬಹುದು.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನಲ್ಲಿ ಕೂತಳು. ಕಾರು ಒಂದು ಬದಿಗೆ ವಾಲಿದ್ದು ಕಂಡು, ಮೊದಲು ತಾತನಿಗೂ ಸಲೂನಿನವನಿಗೂ, “ನಾಲ್ಕು ಗಾಲಿಗೂ ಒಂದೇ ಗಾಳಿ ಮಾಡಿ, ಆಮೇಲೆ ಜಗಳ ಆಡ್ಕೊಳ್ಳಿ” ಎಂದಳು.

“ಎಡಕ್ಕೆ ತಿರುಗಲ್ಲ ಕಣೇ, ಹುಷಾರು” ಎಂದರು ಮಾಸ್ತರರು.

ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ: ಹಿಂದೆ ಟ್ರೇ ತುಂಬ ಮೊಟ್ಟೆ ಇದೆ ಎಂದು ಓಡಿಸುವುದು. ತಿರುವು ಬರುವ ಮೊದಲೇ ಕೈ ಮೆಲ್ಲಗೆ ತಿರುಗುತ್ತಿತ್ತು. ಸ್ಟೇರಿಂಗು ಎಲ್ಲೂ ಪೂರ್ತಿ ತಿರುಗುವ ಪ್ರಮೇಯವೇ ಬರಲಿಲ್ಲ. ಆದ್ದರಿಂದ ಗಾಲಿ ಎಲ್ಲೂ ತಾಗಲಿಲ್ಲ. ಮಾಸ್ತರರು ಉಜ್ಜಿ ಉಜ್ಜಿ ಬಿಸಿ ಮಾಡಿಟ್ಟಿದ್ದ ಮೆತ್ತನೆಯ ಟೈರು ನೆಲವನ್ನು ಹಲ್ಲಿಯಂತೆಯೇ ಕಚ್ಚಿತು. ಕಾರು ಕೋನುಗಳ ನಡುವೆ ನೀರು ಹರಿದ ಹಾಗೆ ಹರಿದು ಬಂತು.

ಡ್ರಿಲ್ ಮೇಷ್ಟ್ರು ಗಡಿಯಾರ ನೋಡಿ, ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, ಮತ್ತೆ ನೋಡಿದರು. ಅವಳ ಹೆಸರು ಹೆಂಗಸರ ಪಟ್ಟಿಯಲ್ಲಿ ಬರೆದು, ಹಾಗೇ ಇತ್ತ ಬಂದು ಗಂಡಸರ ಪಟ್ಟಿಯ ತಲೆಯ ಮೇಲೂ ಬರೆದರು.

ಮಾಸ್ತರರು ಕುಣಿಯುವುದೊಂದು ಬಾಕಿ. “ನೋಡಿದ್ಯಾ? ಕಾರು ಕೊನೆಗೆ ಬಂದ್ರೆ ತಾನೆ ಶೆಡ್ಡು ನಿಂದು? ಈ ಕಾರೇ ಮೊದಲು ಬಂತು. ಶೆಡ್ಡು ಕಾರಿಂದು.”

“ಹೌದು ರೀ, ಮಾತು ಅಂದ್ರೆ ಮಾತು. ಶೆಡ್ಡು ಕಾರಿಂದೇ” ಎಂದಳು ಅವಳು, ಸೀಟು ಬಿಟ್ಟು ಏಳದೆಯೇ. “ಕಾರು ಮಾತ್ರ ಇನ್ಮೇಲೆ ನಂದು. ಎಷ್ಟು ವರ್ಷದಿಂದ ಬಟ್ಟೆ ಹೊಲೀತಿದೀರಿ, ಈವತ್ತು ನೀವು ತೆಗೆದ ಅಳತೆ ಒಬ್ಬರಿಗಾದ್ರೂ ಸರಿಯಾಗಿ ಕೂತಿದೆ. ಬಿಡೋಕಾಗುತ್ತಾ?”

ತಾತ ಮತ್ತು ಸಲೂನಿನವನು ಹೊಟ್ಟೆ ಹಿಡಿದುಕೊಂಡು ನಗುತ್ತ, ಮಾತು ಬಿಟ್ಟದ್ದನ್ನೇ ಮರೆತು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಮೊಟ್ಟೆಯ ಟ್ರೇಗಳು ಮರುದಿನವೇ ಮಾಸ್ತರರ ಬಟ್ಟೆ ಕತ್ತರಿಸುವ ಮೇಜನ್ನೇರಿದವು.

ಮುಂದಿನ ಭಾನುವಾರ ಪಕ್ಕದೂರಿನ ಬಯಲಿನಲ್ಲಿ ಸ್ಪರ್ಧೆಯಿತ್ತು. ಹಾಲಿನವನು ಸೈಕಲ್ ನಿಲ್ಲಿಸುವ ಹೊತ್ತಿಗೆ ಮಾಸ್ತರರು ಹೊಸ ಷರ್ಟು ತೊಟ್ಟು ಕಾರಿನ ಪಕ್ಕ ಬಂದು ನಿಂತರು. ಪಕ್ಕದ ಸೀಟಿನಲ್ಲಿ ಎರಡು ಗಾಲಿಗಳು ಬೆಲ್ಟು ಕಟ್ಟಿಸಿಕೊಂಡು ಕೂತಿದ್ದವು.

“ಇವನ್ನ ವ್ಯಾನಲ್ಲಿ ಮೊದ್ಲೇ ಇಳಿಸಿ ಬಂದ್ರೆ ನಾನು ನಿನ್ನ ಪಕ್ಕ...”

“ಮೊಟ್ಟೆ ಪಕ್ಕ ಗಾಲಿನಾ?” ಎಂದು ಅವಳು ವ್ಯಾನಿನ ಬೀಗದ ಕೈ ಅವರ ಅಂಗೈಗೆ ಹಾಕಿದಳು. “ಅಂಗಡಿಗೆಲ್ಲ ಹಾಕಿ ಆಮೇಲೆ ಬನ್ನಿ. ತಿರುವಲ್ಲಿ ಮೆಲ್ಲಗೆ ರೀ.”

ಹೀಗೆ ಆ ಭಾನುವಾರ ಅವಳು ಹೊರಟಳು, ಕಾರು ಹೊರಟಿತು, ಗಾಲಿಗಳೂ ಜೊತೆಯಾಗಿ ಹೊರಟವು. ಮಾಸ್ತರರು ವ್ಯಾನಿನಲ್ಲಿ ಎದುರು ದಿಕ್ಕಿಗೆ ಹೊರಟರು. ಹತ್ತುವಾಗ ಪ್ಯಾಂಟು ಪರ್ರ್ ಎಂದಿತು.