ಗಲ್ಲ ಇಳಿಸಿದವನೇ ಗಿರಾಕಿ

ಕಾಪು ಕಡಲತಡಿಯ ಮೀನು ಏಲಂನಲ್ಲಿ ಗಲ್ಲ ಇಳಿಸಿದವನೇ ಗಿರಾಕಿ. ಇಳಿಸುವ ಹೊತ್ತಿಗೆ ಅವನು ಎಚ್ಚರವಾಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಕಡಲತಡಿ ಏಲಂ ಹಿತರಕ್ಷಣಾ ಸಂಘವು ಈ ಸಂಗತಿಯನ್ನು ಸರ್ವಾನುಮತದಿಂದ ದೃಢಪಡಿಸಿತು. ಸರ್ವಾನುಮತ ಎನ್ನುವುದಕ್ಕೆ ಆಧಾರವೂ ಉಂಟು. ವಿರೋಧಿಸಬೇಕಾಗಿದ್ದ ಏಕೈಕ ಸದಸ್ಯ ದೂಮಪ್ಪ ಸಭೆಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಮತ ಕೇಳಿದಾಗ ಅವನ ಗಲ್ಲವೂ ಇಳಿಯಿತು.

ಬೇರೆ ಊರುಗಳಲ್ಲಿ ಏಲಂ ಎಂದರೆ ಬೊಬ್ಬೆ. ಇಲ್ಲಿ ಹಾಗಲ್ಲ. ಇಲ್ಲಿ ಮೀನು ಕೊಳ್ಳುವವರೆಲ್ಲ ಒಬ್ಬರಿಗೊಬ್ಬರು ಭಾವ, ಮಾವ, ಅಳಿಯ. ಹೆಂಡತಿಯ ಅಣ್ಣನ ಎದುರು ನಿಂತು ‘ನಿನಗಿಂತ ನಾನು ಹೆಚ್ಚು ಕೊಡುತ್ತೇನೆ’ ಎಂದು ಕೂಗುವುದು ಮರ್ಯಾದೆಯಲ್ಲ; ಹಾಗಂತ ಮೀನನ್ನು ಅವನಿಗೆ ಬಿಟ್ಟುಕೊಡುವುದು ವ್ಯಾಪಾರವಲ್ಲ. ಹಿರಿಯರು ಇದಕ್ಕೊಂದು ದಾರಿ ಮಾಡಿಟ್ಟಿದ್ದರು. ಏಲಂ ಕೂಗುವ ಬೂಬ ದರ ಏರಿಸುತ್ತಾ ಹೋಗುತ್ತಾನೆ. ಬೇಕಾದವನು ಗಲ್ಲವನ್ನು ಎದೆಯ ಕಡೆ ಇಳಿಸುತ್ತಾನೆ, ಸಾಕಾದವನು ಕಡಲಿಗೆ ಮುಖ ಮಾಡಿ ನಿಲ್ಲುತ್ತಾನೆ. ಬಾಯಿ ಬಿಡುವ ಪ್ರಸಂಗವೇ ಇಲ್ಲ. ಸಂಬಂಧವೂ ಉಳಿಯಿತು, ಮೀನೂ ಮಾರಿಹೋಯಿತು.

ಕಡಲಿಗೆ ಮುಖ ಮಾಡಬೇಕಾದರೆ ಎಚ್ಚರ ಬೇಕು. ದೂಮಪ್ಪನಲ್ಲಿ ಇಲ್ಲದಿದ್ದದ್ದು ಅದೊಂದೇ. ದೇಹ ಇತ್ತು, ದನಿ ಇತ್ತು, ಮೀನಿನ ಕಿವಿರು ಎತ್ತಿ ನೋಡಿ ಯಾವ ಹೊತ್ತಿನ ಬಲೆಯದ್ದೆಂದು ಹೇಳುವ ಕಣ್ಣಿತ್ತು. ಆದರೆ ಆ ಕಣ್ಣು ಮುಚ್ಚಿಕೊಂಡಿರುತ್ತಿತ್ತು. ನಿಂತರೆ ನಿದ್ದೆ, ಕೂತರೆ ನಿದ್ದೆ, ಸೈಕಲ್ಲಿನಲ್ಲಿ ಹೋಗುವಾಗಲೂ ನಿದ್ದೆ ಬಂದು ಪೊಲಿಪುವಿನ ಹತ್ತಿರ ಒಬ್ಬರ ಮದುವೆಯ ಚಪ್ಪರದೊಳಗೆ ಹೊಕ್ಕು, ಊಟ ಮಾಡಿಕೊಂಡು ಬಂದಿದ್ದ.

ಒಂದು ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಸುತ್ತಲೂ ಬೂತಾಯಿ ಮೀನಿನ ರಾಶಿ.

“ಇದು ಯಾರದ್ದು ಮಾರಾಯ?” ಎಂದು ಕೇಳಿದ.

“ನಿನ್ನದು,” ಎಂದ ಬೂಬ.

“ಆಚೆಯದ್ದು?”

“ಅದೂ ನಿನ್ನದೇ. ಭಾರೀ ಜೋರಿನ ಪೈಪೋಟಿ ಇತ್ತು. ನೀನು ಬಿಡಲೇ ಇಲ್ಲ.”

“ಪೈಪೋಟಿ ಯಾರ ಜತೆ?”

ಬೂಬ ಸುಳ್ಳು ಹೇಳುವ ಜನ ಅಲ್ಲ. “ಮೊದಮೊದಲು ನಿನ್ನ ಭಾವನ ಜತೆ. ಅವನು ಕಡಲಿಗೆ ತಿರುಗಿದ ಮೇಲೆ ನಿನ್ನ ಜತೆಯೇ.”

ತನ್ನ ದರದ ಮೇಲೆ ತಾನೇ ಏರಿಸುವ ಗಿರಾಕಿ ಹೆಜಮಾಡಿಯಿಂದ ಕೆಮ್ಮಣ್ಣಿನವರೆಗೆ ಇನ್ನೊಬ್ಬನಿರಲಿಲ್ಲ. ಅಂಥವನನ್ನು ಕಂಡರೆ ಯಾರಿಗೆ ಪ್ರೀತಿ ಬಾರದು? ದೋಣಿಯ ಮಾಲೀಕರು ಅವನಿಗೆ ನಿಲ್ಲಲು ನೆರಳಿನ ಜಾಗ ಬಿಟ್ಟುಕೊಟ್ಟರು. ಒರಗಲು ಒಂದು ಕಂಬ ಹುಗಿಸಿದರು. ಅವನು ಗೊರಕೆ ಶುರುಮಾಡಿದರೆ ‘ಶ್, ಮೆಲ್ಲಗೆ’ ಎಂದು ಹೆಂಗಸರನ್ನು ಗದರಿಸಿದರು.

ಮನೆಯಲ್ಲಿ ಹೆಂಡತಿ ಅಪ್ಪಿಯ ಲೆಕ್ಕ ಬೇರೆ ಇತ್ತು. “ಊರಿನವರೆಲ್ಲ ಕಣ್ಣು ತೆರೆದು ಮನೆ ಕಟ್ಟುತ್ತಾರೆ. ನೀವು ಕಣ್ಣು ಮುಚ್ಚಿ ಮನೆ ಮಾರುತ್ತಿದ್ದೀರಿ. ಈ ರಾಶಿಯನ್ನು ಎತ್ತಲಿಕ್ಕೆ ನಮ್ಮ ಹತ್ತಿರ ಎಂತ ಉಂಟು?”

ಇರಲಿಲ್ಲ. ಸಂಘದ ನಿಯಮದಂತೆ, ಕೊಂಡ ಮೀನನ್ನು ದುಡ್ಡು ಕೊಟ್ಟು ಎತ್ತದವನು ಮರಳಿನ ಮೇಲೆ ನಿಲ್ಲುವ ಹಕ್ಕನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆ. ಆ ಹಕ್ಕು ಹೋದರೆ ದೂಮಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅವನು ಸಂಘದ ಮುಂದೆ ಕೈಮುಗಿದು ನಿಂತ. ಅಧ್ಯಕ್ಷ ಸ್ಟ್ಯಾನಿಸ್ಲಾಸ್ ನಾಲ್ಕಾರು ದೋಣಿಗಳ ಧಣಿ, ದಯಾಳು. ಕಾರ್ಯದರ್ಶಿ ಯಜ್ಞನಾರಾಯಣರು ನಿವೃತ್ತ ಶಿಕ್ಷಕರು. ಮೀನು ಮುಟ್ಟಿದವರಲ್ಲ, ಆದರೆ ಠರಾವು ಬರೆಯಲು ಅವರೇ ಆಗಬೇಕು. ಅವರು ಓದಿದರು:

“ಸದಸ್ಯರ ನಿದ್ರೆಯು ರೋಗವೆಂದು ಉತ್ತಮ ವೈದ್ಯರೊಬ್ಬರು ಪ್ರಮಾಣೀಕರಿಸಿದಲ್ಲಿ ಸದರಿ ಖರೀದಿಗಳನ್ನು ರದ್ದುಪಡಿಸಲಾಗುವುದು. ಉತ್ತಮ ವೈದ್ಯರು ಯಾರೆಂಬುದನ್ನು ಉತ್ತಮ ವೈದ್ಯರ ಆಯ್ಕೆ ಉಪಸಮಿತಿಯು ನಿರ್ಧರಿಸತಕ್ಕದ್ದು. ಅಲ್ಲಿಯವರೆಗೆ ರಾಶಿಯು ಉಪ್ಪಿನಲ್ಲಿ ಇರತಕ್ಕದ್ದು, ಉಪ್ಪು ಸದಸ್ಯರದ್ದು.”

ಉಪಸಮಿತಿಗೆ ಸ್ಟ್ಯಾನಿಸ್ಲಾಸ್ ಮತ್ತು ಯಜ್ಞನಾರಾಯಣರೇ ನೇಮಕವಾದರು. ಓಡಾಟಕ್ಕೆ ಕಾರು ಗೊತ್ತುಮಾಡಲಾಯಿತು. ಕಾರೂ ಸದಸ್ಯರದ್ದೇ ಖರ್ಚು.

ಮೊದಲ ಸವಾರಿ ಕಾಪು ಪೇಟೆಯ ಡಾಕ್ಟರ್ ಅನಂತಪದ್ಮನಾಭರಲ್ಲಿಗೆ. ಅವರು ನಾಡಿ ಹಿಡಿದರು, ನಾಲಗೆ ನೋಡಿದರು, ತಮ್ಮ ಆಕಳಿಕೆಯನ್ನು ತಡೆದುಕೊಂಡರು.

“ನಿದ್ದೆ ಬರುವುದು ರೋಗವಾ? ಬಾರದಿದ್ದರೆ ರೋಗ. ನನಗೆ ಬರುವುದಿಲ್ಲ. ನೀವು ಹೇಗೆ ಬರಿಸಿಕೊಳ್ಳುತ್ತೀರಿ, ಸ್ವಲ್ಪ ಹೇಳಿ ನೋಡುವ.”

ಹೇಳಬೇಕಾದವನು ಆಗಲೇ ಗೋಡೆಗೆ ಒರಗಿದ್ದ. ಡಾಕ್ಟರು ಅಸೂಯೆಯಿಂದ ನೋಡಿ ಕೆಂಪು ಟಾನಿಕ್ ಬರೆದುಕೊಟ್ಟರು. ರೋಗವಿಲ್ಲವೆಂದು ಬಾಯಿಬಿಟ್ಟು ಹೇಳಿದ ಈ ವೈದ್ಯರು ಅತ್ಯುತ್ತಮರೆಂದು ಉಪಸಮಿತಿಗೆ ಕಂಡಿತು. ಆದರೂ ನ್ಯಾಯಕ್ಕೆ ಕೊರತೆಯಾಗಬಾರದೆಂದು ಉಡುಪಿಯಲ್ಲಿ ಗೋಳಿಬಜೆ ತಿಂದು ಮಣಿಪಾಲದ ಗುಡ್ಡ ಹತ್ತಿದರು.

ಅಲ್ಲಿ ಹೊಸದಾಗಿ ತೆರೆದಿದ್ದ ‘ಸರ್ವಾಂಗ ತಜ್ಞ ಚಿಕಿತ್ಸಾಲಯ’ದಲ್ಲಿ ಮನುಷ್ಯನನ್ನು ಚೆನ್ನಾಗಿ ವಿಂಗಡಿಸಿದ್ದರು. ಮೂಗಿಗೊಂದು ಕೋಣೆ, ಎದೆಗೊಂದು, ಮಂಡೆಗೊಂದು. ಚೀಟಿ ಬರೆಯುವ ಗುಮಾಸ್ತ ಕೇಳಿದ: “ಯಾವ ಅಂಗ?”

“ನಿದ್ದೆ,” ಎಂದ ದೂಮಪ್ಪ.

“ನಿದ್ದೆ ಅಂಗ ಅಲ್ಲ. ಅಂಗ ಹೇಳಿ.”

“ಅಂಗಕ್ಕೆಲ್ಲ ಬರುತ್ತದೆ ಮಾರ್ರೆ.”

“ಹಾಗಾದರೆ ಎಲ್ಲ ಕೋಣೆಯ ಚೀಟಿ ಆಗಬೇಕು.”

ಎಲ್ಲ ಕೋಣೆಯ ಚೀಟಿಯೂ ಆಯಿತು. ದೂಮಪ್ಪ ಮೂಗಿನ ಕೋಣೆಯ ಬೆಂಚಿನಲ್ಲಿ ಕೂತ. ಒಳಗಿನಿಂದ ಹೆಸರು ಕರೆಯುವ ಹೊತ್ತಿಗೆ ಅವನಿಗೆ ನಿದ್ದೆ. ಕರೆದಾಗ ಓಗೊಡದವನು ಗೈರುಹಾಜರು ಎಂಬುದು ಅಲ್ಲಿನ ನಿಯಮ. ಪಕ್ಕದಲ್ಲೇ ಕೂತಿದ್ದ ಉಪಸಮಿತಿ ಅವನನ್ನು ತಟ್ಟಿ ಎಬ್ಬಿಸಲಿಲ್ಲ. ಎಬ್ಬಿಸಿದರೆ ರೋಗಲಕ್ಷಣದಲ್ಲಿ ಹಸ್ತಕ್ಷೇಪ ಮಾಡಿದಂತಾಗುತ್ತದೆ ಎಂದು ಯಜ್ಞನಾರಾಯಣರು ಅಭಿಪ್ರಾಯಪಟ್ಟರು. ಮಂಡೆಯ ಕೋಣೆಯಲ್ಲೂ ಹಾಗೆಯೇ ಆಯಿತು. ಎದೆಯ ಕೋಣೆಯವರು ಮಾತ್ರ ಉದಾರಿಗಳು, ಬೆಂಚಿನ ಬಳಿಗೇ ಬಂದರು. “ಎದೆಯ ಎಲ್ಲ ಪರೀಕ್ಷೆಯೂ ಒಟ್ಟಿಗೆ ಮಾಡಿಬಿಡುವುದಾ?” ಎಂದು ಕೇಳಿದರು. ದೂಮಪ್ಪನ ಗಲ್ಲ ಇಳಿಯಿತು. “ಕಾಲಿನದ್ದೂ?” ಗಲ್ಲ ಮತ್ತೊಮ್ಮೆ ಇಳಿಯಿತು. ಇಷ್ಟು ಒಪ್ಪಿಗೆಯ ರೋಗಿ ಅಪರೂಪ ಎಂದು ಅವರು ಹೊಗಳಿದರು.

ಸಾಯಂಕಾಲ ಸಿಕ್ಕಿದ ವರದಿಯ ಒಕ್ಕಣೆ ಹೀಗಿತ್ತು: ‘ರೋಗಿಯ ಎದೆ, ಕಾಲುಗಳು ಸುಸ್ಥಿತಿಯಲ್ಲಿವೆ. ನಿದ್ರೆಯ ವಿಷಯವಾಗಿ ರೋಗಿ ಹಾಜರಾಗಿರುವುದಿಲ್ಲ.’

“ನೋಡು, ನಾವು ಮಾಡುವಷ್ಟು ಮಾಡಿದೆವು,” ಎಂದರು ಸ್ಟ್ಯಾನಿಸ್ಲಾಸ್, ಕಾರಿನ ಕಿಟಕಿಯಿಂದ ಗಾಳಿ ತೆಗೆದುಕೊಳ್ಳುತ್ತಾ. “ನೀನೇ ಬರಲಿಲ್ಲ ಅಂದ ಮೇಲೆ ಎಂತ ಮಾಡುವುದು?”

ಅಪ್ಪಿಗೆ ಇದನ್ನು ಕೇಳಿ ಸಿಟ್ಟು ಬರಲಿಲ್ಲ. ಸಿಟ್ಟಿನಲ್ಲಿ ಲಾಭವಿಲ್ಲ ಎಂದು ಮೀನು ಮಾರಿದವಳಿಗೆ ಗೊತ್ತು. ಮರುದಿನ ಗಂಡನ ತೋಳನ್ನು ತನ್ನ ಸೆರಗಿನ ತುದಿಗೆ ಗಂಟುಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದಳು. ಅಲ್ಲಿ ಆನೆಕೆರೆಯ ಹತ್ತಿರ ಡಾಕ್ಟರ್ ವೇದಾವತಿಯವರ ಸಣ್ಣ ಕ್ಲಿನಿಕ್ಕು. ಬೋರ್ಡಿನ ಬಣ್ಣ ಹೋಗಿತ್ತು. ಒಳ್ಳೆಯ ವ್ಯಾಪಾರವಿದ್ದರೆ ಬೋರ್ಡಿಗೆ ಬಣ್ಣ ಹೊಡೆಯುತ್ತಿರಲಿಲ್ಲವೇ ಎಂದು ದೂಮಪ್ಪನಿಗೆ ಸಂಶಯ ಬಂತು. ಸಂಶಯ ಪೂರ್ತಿಯಾಗುವ ಮೊದಲೇ ನಿದ್ದೆ ಬಂತು.

ಡಾಕ್ಟರು ಅವನನ್ನು ಎಬ್ಬಿಸಲಿಲ್ಲ. ಅಪ್ಪಿಯ ಕಡೆ ತಿರುಗಿದರು. “ಗೊರಕೆ ಹೊಡೆಯುತ್ತಾ ಇದ್ದವರು ಒಮ್ಮೆಗೆ ನಿಂತುಬಿಡುತ್ತಾರಾ?”

“ನಿಲ್ಲುತ್ತಾರೆ ಡಾಕ್ಟ್ರೇ. ನಾನು ದೇವರ ಹೆಸರು ಹೇಳುತ್ತಾ ಕಾಯುತ್ತೇನೆ. ಆಮೇಲೆ ಬೋಟಿನ ಇಂಜಿನು ಹಿಡಿದ ಹಾಗೆ ಭರ್ ಅಂತ ಮತ್ತೆ ಶುರು.”

“ಇವರು ರಾತ್ರಿ ಮಲಗುತ್ತಾರೆ ಅಷ್ಟೆ, ನಿದ್ದೆ ಮಾಡುವುದಿಲ್ಲ. ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುತ್ತಾ ಇರುತ್ತದೆ. ಅದನ್ನು ಹಗಲು ತೀರಿಸಿಕೊಳ್ಳುತ್ತಾರೆ.”

ಮೂಗಿನಲ್ಲಿ ಬೆಳೆದಿದ್ದ ದುರ್ಮಾಂಸವನ್ನು ಅವರು ತೆಗೆಸಿದರು. ಸಾಯಂಕಾಲದ ಕಳ್ಳು ನಿಲ್ಲಿಸಿದರು, ತಟ್ಟೆಯ ಅನ್ನ ಅರ್ಧ ಮಾಡಿದರು. ಅಂಗಾತ ಮಲಗಲೇಬಾರದೆಂದು ಬನಿಯನ್ನಿನ ಬೆನ್ನಿಗೆ ಬಲೆಯ ಬೆಂಡೊಂದನ್ನು ಹೊಲಿಸಿದರು; ಮಗ್ಗುಲು ಬಿಟ್ಟರೆ ಬೆಂಡು ಚುಚ್ಚುತ್ತಿತ್ತು. ಟಾನಿಕ್ ಕೊಡಲಿಲ್ಲ. ಆ ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗೆ ಇಳಿಯುವಾಗ ದೂಮಪ್ಪ ಸೊಂಟ ಕರಗಿಸಿಕೊಂಡು, ಕಣ್ಣು ಅಗಲಿಸಿಕೊಂಡು ಮರಳಿನ ಮೇಲೆ ನಿಂತ. ಬಂಗುಡೆಯ ಬೆನ್ನಿನ ಪಟ್ಟೆಗಳು ಇಷ್ಟು ನೀಲಿ ಇರುವುದನ್ನು ಅವನು ಬಹಳ ವರ್ಷಗಳಿಂದ ನೋಡಿರಲಿಲ್ಲ. ನೋಡಿ ಸಂತೋಷಪಟ್ಟ. ಆಮೇಲೆ ಕಡಲಿಗೆ ಮುಖ ಮಾಡಿ ನಿಂತ.

ಮೀನಿನ ದರ ಅಲ್ಲೇ ಬಿತ್ತು.

ಮರುದಿನವೂ ಬಿತ್ತು. ಭಾವ, ಮಾವ, ಅಳಿಯಂದಿರೆಲ್ಲ ದೂಮಪ್ಪನ ಗಲ್ಲವನ್ನು ನೋಡಿಕೊಂಡೇ ತಮ್ಮ ಗಲ್ಲ ಇಳಿಸುವ ಅಭ್ಯಾಸದವರು. ಈಗ ಅದು ನೆಟ್ಟಗಿದ್ದದ್ದರಿಂದ ಇವರದ್ದೂ ನೆಟ್ಟಗೆ ನಿಂತಿತು. ಬೂಬನ ಗಂಟಲು ಕೆಟ್ಟಿತು. ಸ್ಟ್ಯಾನಿಸ್ಲಾಸರು ಕಟ್ಟಿಸುತ್ತಿದ್ದ ಮಾಳಿಗೆಯ ಕೆಲಸ ನಿಂತಿತು. ಸಂಘದ ತುರ್ತು ಸಭೆ ಕರೆಯಲಾಯಿತು.

ದೂಮಪ್ಪ ಡಾಕ್ಟರ್ ವೇದಾವತಿಯವರ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟ. “ರೋಗ ಇತ್ತು, ಗುಣ ಆಯ್ತು. ಹಳೆಯ ಖರೀದಿ ರದ್ದು ಮಾಡಿ.”

ಯಜ್ಞನಾರಾಯಣರು ಕನ್ನಡಕ ಸರಿಮಾಡಿಕೊಂಡರು. “ಸದರಿ ವೈದ್ಯೆಯನ್ನು ಉಪಸಮಿತಿಯು ಉತ್ತಮರೆಂದು ಗುರುತಿಸಿರುವುದಿಲ್ಲ. ಅಲ್ಲದೆ ರೋಗವನ್ನು ಪರಿಶೀಲಿಸೋಣವೆಂದರೆ ರೋಗವೇ ಸ್ಥಳದಲ್ಲಿಲ್ಲ. ಸಂಘಕ್ಕೆ ಸಂಬಂಧಿಸಿದ ರೋಗವನ್ನು ಸಂಘದ ಪೂರ್ವಾನುಮತಿ ಇಲ್ಲದೆ ತೆಗೆಸಿದ್ದು ಹೇಗೆ?”

“ನನ್ನ ಮೂಗು ಸ್ವಾಮಿ!”

“ಮೂಗು ನಿಮ್ಮದು. ದರ ಸಾರ್ವಜನಿಕರದ್ದು.”

“ಅಲ್ಲ ದೂಮಪ್ಪ,” ಎಂದರು ಸ್ಟ್ಯಾನಿಸ್ಲಾಸ್, ನಿಜವಾಗಿಯೂ ನೊಂದು. “ನಿನ್ನ ಒಬ್ಬನ ಎಚ್ಚರದಿಂದ ಎಷ್ಟು ಮನೆಯ ಒಲೆ ಆರಿತು, ನೋಡಿದ್ದೀಯಾ? ಸ್ವಾರ್ಥಕ್ಕೂ ಒಂದು ಮಿತಿ ಬೇಡವಾ?”

ಠರಾವಾಯಿತು. ಸದಸ್ಯರು ಅತಿಜಾಗೃತಿ ಎಂಬ ವ್ಯಾಧಿಯಿಂದ ನರಳುತ್ತಿರುವುದಾಗಿಯೂ, ಅದಕ್ಕೆ ಒಬ್ಬ ಉತ್ತಮ ವೈದ್ಯರನ್ನು ಹುಡುಕಲು ಅದೇ ಉಪಸಮಿತಿಯನ್ನು ಮುಂದುವರಿಸುವುದಾಗಿಯೂ, ನಿದ್ದೆ ಮರಳುವವರೆಗೆ ಹಳೆಯ ರಾಶಿಗೆ ಅವರೇ ಹೊಣೆಯೆಂದೂ, ಎತ್ತದಿದ್ದಲ್ಲಿ ಮುಂದಿನ ಸೋಮವಾರದಿಂದ ಮರಳಿನ ಮೇಲೆ ಕಾಲಿಡಕೂಡದೆಂದೂ ಬರೆಯಲಾಯಿತು.

ಮನೆಗೆ ಬಂದು ದೂಮಪ್ಪ ತಲೆಗೆ ಕೈಹೊತ್ತು ಕೂತ. ಕೂತರೂ ನಿದ್ದೆ ಬರಲಿಲ್ಲ. ಅಪ್ಪಿ ಮೀನಿನ ಸಾರು ಬಡಿಸುತ್ತಾ ಕೇಳಿದಳು: “ಇಷ್ಟು ಜನ ನಿಮ್ಮ ನಿದ್ದೆಯಲ್ಲಿ ಬದುಕಿದರು ಅಲ್ವಾ?”

“ಹೌದು.”

“ಮತ್ತೆ ನೀವು ಅದನ್ನು ಧರ್ಮಕ್ಕೆ ಕೊಟ್ಟದ್ದು ಯಾಕೆ?”

ದೂಮಪ್ಪ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದ. ಎಚ್ಚರವಾಗಿರುವ ವ್ಯಾಪಾರಿಗೆ ಎರಡು ಸಲ ಹೇಳಬೇಕಾಗಿಲ್ಲ.

ಸೋಮವಾರಕ್ಕೆ ಮುಂಚೆಯೇ ಮಾತುಕತೆ ಮುಗಿಯಿತು. ಹಳೆಯ ಖರೀದಿಗಳು ಹಿಂದಿನಿಂದ ಅನ್ವಯವಾಗುವಂತೆ ರದ್ದಾದವು. ದೂಮಪ್ಪನನ್ನು ಸಂಘದ ನಿದ್ರಾಧಿಕಾರಿಯಾಗಿ ನೇಮಿಸಲಾಯಿತು. ಪ್ರತಿ ದೋಣಿಯ ಏಲಂನಲ್ಲೂ ಅವನಿಗೊಂದು ಪಾಲು. ಅವನ ಗಲ್ಲ ದರ ಏರಿಸತಕ್ಕದ್ದು; ಅದರ ಮೇಲೆ ಬೇರೆಯವರ ಗಲ್ಲ ಇಳಿದ ಕೂಡಲೇ ಬೂಬ ಅಧಿಕಾರಿಗಳ ಕಾಲನ್ನು ಮೆಲ್ಲಗೆ ತುಳಿಯತಕ್ಕದ್ದು, ಆಗ ಅವರು ಎದ್ದು ಕಡಲಿಗೆ ಮುಖ ಮಾಡತಕ್ಕದ್ದು. ಮೊದಲ ದಿನ ಅವನು ಕಣ್ಣು ಬಿಟ್ಟುಕೊಂಡೇ ಗಲ್ಲ ಇಳಿಸಿದ್ದಕ್ಕೆ ಭಾವನೇ ಆಕ್ಷೇಪಿಸಿದ: “ಇದು ಮೋಸ ಮಾರಾಯ. ನಿದ್ದೆ ಅಂದರೆ ನಿದ್ದೆ ಮಾಡಬೇಕು.” ದೂಮಪ್ಪ ತಪ್ಪೊಪ್ಪಿಕೊಂಡು ಕಣ್ಣು ಮುಚ್ಚಿದ. ಭಾವ ಸಮಾಧಾನದಿಂದ ಹೆಚ್ಚಿನ ದರಕ್ಕೆ ಕೊಂಡ.

ಕೊಳ್ಳುವವರಿಗೆ ನಷ್ಟವಾಗಲಿಲ್ಲವೇ ಎಂದು ಕೇಳಬಹುದು. ಇಲ್ಲ. ಏರಿದ ದರವನ್ನು ಅವರು ಉಡುಪಿ, ಕಾರ್ಕಳದ ಮನೆಮನೆಯ ಬಾಗಿಲಲ್ಲಿ ಇಳಿಸಿ ಬಂದರು. ಮೀನು ತಿನ್ನುವವರು ಸಂಘದ ಸದಸ್ಯರಲ್ಲ. ಡಾಕ್ಟರ್ ವೇದಾವತಿಯವರು ಮಾತ್ರ ಒಮ್ಮೆ ಬಂಗುಡೆಯ ದರ ಕೇಳಿ ಬೆಚ್ಚಿದರಂತೆ. “ಯಾಕಮ್ಮ ಇಷ್ಟು?” ಎಂದದ್ದಕ್ಕೆ ಅಪ್ಪಿ, “ನಿಮ್ಮ ಕೈಗುಣ ಡಾಕ್ಟ್ರೇ,” ಎಂದು ಭಕ್ತಿಯಿಂದ ಹೇಳಿ, ಒಂದು ಪೈಸೆ ಬಿಡದೆ ತೆಗೆದುಕೊಂಡು ಬಂದಳು.

ಮರುವರ್ಷ ಹೆಜಮಾಡಿಯಿಂದ ಕೆಲವು ದೋಣಿಯವರು ದೂಮಪ್ಪನನ್ನು ಹುಡುಕಿಕೊಂಡು ಬಂದರು. ಎಲೆಯಡಿಕೆ ಹಾಕಿಕೊಂಡು ಸಂಕೋಚದಿಂದ ವಿಷಯ ತೆಗೆದರು.

“ನಮ್ಮಲ್ಲೂ ಒಬ್ಬ ಇದ್ದಾನೆ. ಒಳ್ಳೆಯ ನಿದ್ದೆ, ದೇವರು ಕೊಟ್ಟದ್ದು. ಆದರೆ ಎಂತ ಮಾಡುವುದು, ಅವನ ತಲೆ ಹಿಂದಕ್ಕೆ ವಾಲುತ್ತದೆ. ಗಲ್ಲ ಆಕಾಶ ನೋಡುತ್ತದೆ. ಏಲಂಗೆ ಉಪಯೋಗವಿಲ್ಲ. ಅದನ್ನು ಮುಂದಕ್ಕೆ ಮಾಡುವಂಥ ಯಾರಾದರೂ ಒಳ್ಳೆಯ ಡಾಕ್ಟರು ಉಂಟಾ?”

ದೂಮಪ್ಪ ಗಂಭೀರವಾಗಿ ಯೋಚಿಸಿದ.

“ಉಂಟು,” ಎಂದ. “ಹುಡುಕಿಕೊಡಲಿಕ್ಕೆ ನಮ್ಮಲ್ಲಿ ಉಪಸಮಿತಿ ಉಂಟು. ಕಾರಿನ ಖರ್ಚು ನಿಮ್ಮದು.”